ಕತೆ ಹೇಳುವವರು ನಿಂತ ಜಾಗ: ಇತ್ತೀಚಿನ ಓದಿನ ಕೆಲವು ಟಿಪ್ಪಣಿಗಳು

ಪುಸ್ತಕವೊಂದನ್ನು ಓದಿ ಮುಗಿಸಿದ ಮೇಲೆ ಅದರ ಕಥಾಸಾರ ಬರೆದಿಡುವ ಅಭ್ಯಾಸವನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಸಾರಾಂಶ ಬೇಕೆಂದರೆ ಬೆನ್ನುಡಿಯಲ್ಲಿ ಇದ್ದೇ ಇರುತ್ತದೆ. ಅದರ ಬದಲಿಗೆ, ಓದಿದ ಪ್ರತಿಯೊಂದು ಕೃತಿಯ ಬಗ್ಗೆಯೂ ಒಂದೇ ಪ್ರಶ್ನೆಯನ್ನು ಕೇಳಿಕೊಂಡು ಅದಕ್ಕೆ ಉತ್ತರ ಬರೆಯಲು ಪ್ರಯತ್ನಿಸುತ್ತೇನೆ: ಈ ಕತೆಯನ್ನು ಹೇಳುತ್ತಿರುವವರು ಎಲ್ಲಿ ನಿಂತು ಹೇಳುತ್ತಿದ್ದಾರೆ, ಮತ್ತು ಅಲ್ಲಿ ನಿಂತವರಿಗೆ ಏನೇನು ಕಾಣಿಸದೆ ಹೋಗುತ್ತದೆ? ಈ ಪ್ರಶ್ನೆಯನ್ನು ಹಿಡಿದುಕೊಂಡು ಕಳೆದ ಕೆಲವು ತಿಂಗಳುಗಳಲ್ಲಿ ಓದಿದ, ಕೆಲವನ್ನು ಎರಡನೆಯ ಸಲ ಓದಿದ, ಕನ್ನಡದ ಕಥೆ ಕಾದಂಬರಿಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ಓದುವ ಕ್ರಮದ ಬಗ್ಗೆ ಮೊದಲು ಎರಡು ಮಾತು. ಮೊದಲ ಓದಿನಲ್ಲಿ ಪೆನ್ಸಿಲು ಹಿಡಿಯುವುದಿಲ್ಲ, ಅಡಿಗೆರೆ ಎಳೆಯುವುದಿಲ್ಲ. ಕೊನೆಯ ಪುಟ ಮುಗಿದ ಕೂಡಲೇ, ಸಾಧ್ಯವಾದರೆ ಕುಳಿತ ಜಾಗದಿಂದ ಏಳದೆ, ಮೊದಲ ಅಧ್ಯಾಯಕ್ಕೆ ಹಿಂದಿರುಗಿ ಅದನ್ನು ನಿಧಾನವಾಗಿ ಮತ್ತೆ ಓದುತ್ತೇನೆ. ಮೊದಲ ಸಲ ಓದುವಾಗ ಯಾರು ಯಾರ ಮಗ, ಮನೆ ಎಲ್ಲಿದೆ, ಊರು ಯಾವುದು ಎಂಬುದನ್ನು ತಿಳಿದುಕೊಳ್ಳುವುದರಲ್ಲೇ ಗಮನ ಮುಗಿದುಹೋಗಿರುತ್ತದೆ. ಕತೆ ಹೇಳುವವರು ತಮಗೊಂದು ಜಾಗ ಆರಿಸಿಕೊಳ್ಳುವುದು ಅದೇ ಪುಟಗಳಲ್ಲಿಯಾದರೂ ಆಗ ಅದು ಕಣ್ಣಿಗೆ ಬೀಳುವುದಿಲ್ಲ. ಕೊನೆ ಗೊತ್ತಿದ್ದು ಓದಿದಾಗ ಆರಂಭದ ಒಂದೊಂದು ವಾಕ್ಯವೂ ಬೇರೆಯಾಗಿ ಕೇಳಿಸುತ್ತದೆ. ಟಿಪ್ಪಣಿ ಬರೆಯುವುದು ಇದಾದ ಮೇಲೆಯೇ.

ಈ ಕ್ರಮ ನನಗೆ ಅತ್ಯಂತ ಹೆಚ್ಚು ಫಲ ಕೊಟ್ಟದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ. 2013ರಲ್ಲಿ ಪ್ರಕಟವಾದ ಈ ಕಿರುಕಾದಂಬರಿಯನ್ನು ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು, ಆದರೆ ಅದರ ಬಗ್ಗೆ ಒಂದು ನಿಲುವಿಗೆ ಬರಲು ನನಗೆ ವಾರಗಳೇ ಹಿಡಿದವು. ಹೆಸರೇ ಇಲ್ಲದ ನಿರೂಪಕ ಬೆಂಗಳೂರಿನ ಒಂದು ಕಾಫಿ ಹೌಸಿನಲ್ಲಿ ಕುಳಿತು ತನ್ನ ಮನೆಯವರ ಕತೆ ಹೇಳುತ್ತಾನೆ. ಇಕ್ಕಟ್ಟಿನ ಮನೆಯಲ್ಲಿ ಇರುವೆಗಳ ಕಾಟ ಸಹಿಸಿಕೊಂಡು ಎಣಿಸಿ ಎಣಿಸಿ ಖರ್ಚು ಮಾಡುತ್ತಿದ್ದ ಕುಟುಂಬವೊಂದು ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ಹಣವಂತವಾಗುತ್ತದೆ. ನಿರೂಪಕ ಕಾಗದದ ಮೇಲೆ ಆ ಕಂಪನಿಯ ನಿರ್ದೇಶಕ. ಸಂಬಳ ಬ್ಯಾಂಕಿಗೆ ಬಂದು ಬೀಳುತ್ತದೆ, ಮಾಡಲು ಕೆಲಸವೇನೂ ಇಲ್ಲ. ಹೆಂಡತಿ ಅನಿತಾಗೆ ಇದು ತಿಳಿದಾಗ ಆ ದಾಂಪತ್ಯದ ಅಡಿಪಾಯವೇ ಅಲುಗಾಡುತ್ತದೆ.

ನಾನು ಹೆಚ್ಚು ಹೊತ್ತು ನಿಂತದ್ದು ಒಂದು ದೃಶ್ಯದ ಮುಂದೆ. ಚಿಕ್ಕಪ್ಪನನ್ನು ಕೇಳಿಕೊಂಡು ಒಬ್ಬ ಹೆಂಗಸು ಮನೆಯ ಬಾಗಿಲಿಗೆ ಬರುತ್ತಾಳೆ. ಅವನಿಗೆ ಇಷ್ಟವೆಂದು ಅಡುಗೆ ಮಾಡಿ ತಂದಿದ್ದಾಳೆ. ನಿರೂಪಕನ ಅಮ್ಮ ಮತ್ತು ಸೋದರಿ ಮಾಲತಿ ಅವಳ ಮೇಲೆ ಮುಗಿಬಿದ್ದು ಬಾಯಿಗೆ ಬಂದಂತೆ ಬಯ್ಯುತ್ತಾರೆ, ತಂದದ್ದು ನೆಲದ ಪಾಲಾಗುತ್ತದೆ. ಯಾರಿಗಾಗಿ ಬಂದಳೋ ಅವನು ಹೊರಗೆ ಬರುವುದಿಲ್ಲ. ಇದೆಲ್ಲವನ್ನೂ ನಮಗೆ ಹೇಳುತ್ತಿರುವ ಮನುಷ್ಯ ಅಲ್ಲೇ ಇದ್ದಾನೆ. ಅವನು ಏನು ಮಾಡಿದ? ನೋಡಿದ. ಆ ಹೆಂಗಸಿನ ಪರವಾಗಿ ಪ್ರಶ್ನೆ ಎತ್ತುವವಳು, ಆ ಮನೆಗೆ ಹೊಸದಾಗಿ ಬಂದ ಅನಿತಾ.

ಮೊದಲ ಓದಿನಲ್ಲಿ ನಿರೂಪಕನ ಬಗ್ಗೆ ನನಗೆ ಒಂದು ಬಗೆಯ ಸ್ನೇಹವೇ ಇತ್ತು. ಅವನ ಮಾತಿನಲ್ಲಿ ಹಾಸ್ಯವಿದೆ, ತನ್ನವರ ಸಣ್ಣತನಗಳನ್ನು ಅವನು ಚೆನ್ನಾಗಿಯೇ ಗುರುತಿಸುತ್ತಾನೆ. ತನ್ನ ಸೋಮಾರಿತನವನ್ನೂ ಮುಚ್ಚಿಡುವುದಿಲ್ಲ. ಕಾಫಿ ಹೌಸಿನ ಮಾಣಿ ವಿನ್ಸೆಂಟನ ತುಂಡು ಮಾತುಗಳಲ್ಲಿ ಅವನು ದೊಡ್ಡ ಅರ್ಥಗಳನ್ನು ಹುಡುಕುವುದೂ ತಮಾಷೆಯಾಗಿಯೇ ಕಾಣುತ್ತದೆ. ಕೊನೆಯನ್ನು ತಿಳಿದುಕೊಂಡು ಮೊದಲ ಅಧ್ಯಾಯಕ್ಕೆ ಮರಳಿದಾಗ ಆ ಸ್ನೇಹ ಉಳಿಯಲಿಲ್ಲ. (ಕೊನೆಯೇನೆಂದು ನಾನು ಹೇಳುವುದಿಲ್ಲ. ಆ ಪುಸ್ತಕ ಓದದವರಿಗೆ ಅದೊಂದು ಅನ್ಯಾಯವಾದೀತು.) ಒಪ್ಪಿಕೊಳ್ಳುವುದರಲ್ಲಿ ಇವನು ಎಷ್ಟು ನಿಪುಣನೆಂದರೆ, ಸಣ್ಣ ತಪ್ಪುಗಳನ್ನು ಧಾರಾಳವಾಗಿ ಒಪ್ಪಿಕೊಂಡು ದೊಡ್ಡದೊಂದರ ಬಳಿಗೆ ನಾವು ಹೋಗದಂತೆ ನೋಡಿಕೊಳ್ಳುತ್ತಾನೆ. ಅನಿತಾ ಎಲ್ಲಿ ಎಂಬ ಪ್ರಶ್ನೆಯನ್ನು ಅವನು ನೇರವಾಗಿ ಎದುರಿಸುವುದೇ ಇಲ್ಲ. ಆ ಕಾಫಿ ಹೌಸಿನ ಮೇಜು ಮನೆಯಿಂದ ತಪ್ಪಿಸಿಕೊಳ್ಳುವ ಜಾಗವೆಂದು ನಾನು ಮೊದಲು ತಿಳಿದಿದ್ದೆ. ಮನೆಯಲ್ಲಿ ಏನು ನಡೆದರೂ ತಾನು ಅಲ್ಲಿರಲಿಲ್ಲ ಎನ್ನಲು ಅನುಕೂಲವಾದ ಜಾಗವೂ ಅದೇ ಎಂಬುದು ಎರಡನೆಯ ಓದಿಗೆ ಸಿಕ್ಕಿತು.

ಇದರ ಬೆನ್ನಿಗೇ ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು ಎತ್ತಿಕೊಂಡದ್ದು ಯೋಜನೆಯಿಂದಲ್ಲ, ಕೈಗೆ ಸಿಕ್ಕಿತು ಅಷ್ಟೆ. ಆದರೂ ಎರಡನ್ನೂ ಜೊತೆಯಲ್ಲಿ ಓದಿದ್ದರಿಂದ ಲಾಭವಾಯಿತು. 1943ರ ಈ ಕಾದಂಬರಿಯಲ್ಲಿಯೂ ಕತೆ ಹೇಳುವವನು ‘ನಾನು’ ಎಂದೇ ಹೇಳುತ್ತಾನೆ, ಆದರೆ ಅವನು ಮನೆಯವನಲ್ಲ, ಅತಿಥಿ. ಕುಮಾರಪರ್ವತದ ಆಸುಪಾಸಿನ ಕಾಡಿನಲ್ಲಿ ದಾರಿ ತಪ್ಪಿ, ದಾರಿಯಲ್ಲಿ ಸಿಕ್ಕವರ ಸಹಾಯದಿಂದ ಗೋಪಾಲಯ್ಯನವರ ಮನೆ ಸೇರುತ್ತಾನೆ. ಕಾಡು ಕಡಿದು ತೋಟ ಮಾಡಿದ ಆ ಮುದುಕ ಮತ್ತು ಅವರ ಹೆಂಡತಿ ಆತನನ್ನು ಹೊರಡಲು ಬಿಡದೆ ಉಪಚರಿಸುತ್ತಾರೆ. ಮಗ ಶಂಭು ಮನೆ ಬಿಟ್ಟು ಹೋಗಿ ಎಷ್ಟೋ ಕಾಲವಾಗಿದೆ.

ಅತಿಥಿಗೆ ಒಂದು ವಿಶೇಷ ಹಕ್ಕಿದೆ, ಒಂದು ಮಿತಿಯೂ ಇದೆ. ಊಟ, ಸ್ನಾನ, ತೋಟದ ಓಡಾಟ, ಹುಲಿಯ ಭಯ, ಮುದುಕನ ಚಟಾಕಿಗಳು, ಇವೆಲ್ಲ ಅವನಿಗೆ ಧಾರಾಳವಾಗಿ ಸಿಗುತ್ತವೆ. ಆದರೆ ಮನೆಯ ನೋವಿನ ಬಗ್ಗೆ ಅವನು ತಾನಾಗಿ ಕೇಳುವಂತಿಲ್ಲ, ಅವರಾಗಿ ಹೇಳುವವರೆಗೆ ಕಾಯಬೇಕು. ಕಾರಂತರು ಈ ಮಿತಿಯನ್ನೇ ಕಾದಂಬರಿಯ ನಡಿಗೆಯನ್ನಾಗಿ ಮಾಡಿಕೊಂಡಿದ್ದಾರೆ. ಮಗನ ವಿಷಯ ಒಮ್ಮೆಗೇ ಬರುವುದಿಲ್ಲ. ಮುದುಕ ಒಂದಿಷ್ಟು ಹೇಳುತ್ತಾರೆ, ಹೆಂಡತಿ ಬೇರೆಯೇ ಹೊತ್ತಿನಲ್ಲಿ ಇನ್ನೊಂದಿಷ್ಟು ಹೇಳುತ್ತಾರೆ, ಗಂಡ ಹೆಂಡತಿ ಪರಸ್ಪರರಿಗೆ ಹೇಳಿಕೊಳ್ಳಲಾಗದ್ದು ಹೊರಗಿನವನ ಕಿವಿಗೆ ಬೀಳುತ್ತದೆ. ಗೋಪಾಲಯ್ಯನವರು ಅಷ್ಟೊಂದು ನಗಿಸುತ್ತಾರಲ್ಲ, ಆ ನಗುವಿನ ಬಹುಭಾಗ ಹೆಂಡತಿ ಅಳದಿರಲೆಂದು ಎಂಬುದು ನಿರೂಪಕನಿಗೆ ಗೊತ್ತಾಗುವ ವೇಗದಲ್ಲೇ ನಮಗೂ ಗೊತ್ತಾಗುತ್ತದೆ. ಎಲ್ಲರ ಮನಸ್ಸನ್ನೂ ಬಲ್ಲ ಸರ್ವಜ್ಞ ನಿರೂಪಣೆಯಲ್ಲಿ ಇದನ್ನು ಎರಡು ಪುಟದಲ್ಲಿ ಹೇಳಿ ಮುಗಿಸಬಹುದಿತ್ತು, ಕಾದಂಬರಿ ಮಾತ್ರ ಉಳಿಯುತ್ತಿರಲಿಲ್ಲ.

ನನಗೊಂದು ತಕರಾರೂ ಇದೆ. ಈ ಅತಿಥಿ ತೀರ ಸಜ್ಜನ. ಆತಿಥ್ಯದ ಋಣದಲ್ಲಿರುವವನಿಗೆ ಆ ಮನೆಯ ಕೆಲಸದಾಳುಗಳ ಬದುಕು ಎಷ್ಟು ಕಾಣಿಸಬೇಕೋ ಅಷ್ಟು ಕಾಣಿಸುವುದಿಲ್ಲ. ಕಾಡಿನೊಡನೆ ಮನುಷ್ಯ ಮಾಡಿದ ಸೆಣಸಾಟವನ್ನು ಅವನು ಬೆರಗಿನಿಂದ ನೋಡುತ್ತಾನೆ, ಆ ಸೆಣಸಾಟದಲ್ಲಿ ಯಾರ ಯಾರ ಮೈ ದಣಿಯಿತು ಎಂದು ಲೆಕ್ಕ ಹಾಕುವುದಿಲ್ಲ. ಜೀತದಾಳು ಚೋಮನ ಬದುಕನ್ನು ಹೇಳುವ ‘ಚೋಮನ ದುಡಿ’ಯನ್ನು 1933ರಲ್ಲೇ ಬರೆದ ಲೇಖಕರಿಗೆ ಇದು ತಿಳಿಯದ ಸಂಗತಿಯಾಗಿರಲಿಲ್ಲ. ಅಂದರೆ ಇದು ಲೇಖಕರ ಕುರುಡಲ್ಲ, ನಿರೂಪಕನಿಗೆ ಕೊಟ್ಟ ಜಾಗದ ಪರಿಣಾಮ ಎಂದು ನಾನು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೇನೆ. ಅದರ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ್ದೇನೆ.

ತೇಜಸ್ವಿಯವರ ‘ಕರ್ವಾಲೊ’ (1980) ಬಗ್ಗೆ ಇಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ, ಕನ್ನಡ ಓದುವ ಬಹುತೇಕರು ಅದನ್ನು ಓದಿಯೇ ಇರುತ್ತಾರೆ. ಅಲ್ಲಿಯ ‘ನಾನು’ ಕೃಷಿಯಲ್ಲಿ ಬೇಸತ್ತು ಜಮೀನನ್ನು ಮಾರಿಬಿಡುವ ಯೋಚನೆಯಲ್ಲಿರುವವನು, ವಿಜ್ಞಾನಿಯಲ್ಲ, ಹಳ್ಳಿಯ ಅಸಲು ಮಂದಿಯ ಪೈಕಿಯೂ ಪೂರ್ತಿ ಅಲ್ಲ. ಕರ್ವಾಲೊ ಅವರಂಥ ವಿಜ್ಞಾನಿ ಮಂದಣ್ಣನಂಥ ಜೇನು ಹಿಡಿಯುವವನನ್ನು ಯಾಕಿಷ್ಟು ಗೌರವದಿಂದ ಕಾಣುತ್ತಾರೆ ಎಂಬುದು ಅವನಿಗೆ ಅರ್ಥವಾಗುವುದಿಲ್ಲ. ಹೀಗೆ ನಡುವೆ ಸಿಕ್ಕಿಕೊಂಡವನ ಗೊಂದಲವೇ ಆ ಕಾದಂಬರಿಯ ಲವಲವಿಕೆಗೆ ಕಾರಣ. ನಿರೂಪಣೆಯನ್ನು ಕರ್ವಾಲೊ ಅವರ ಕೈಗೆ ಕೊಟ್ಟಿದ್ದರೆ ಅದು ಪಾಠವಾಗುತ್ತಿತ್ತು, ಮಂದಣ್ಣನ ಬಾಯಿಗೆ ಕೊಟ್ಟಿದ್ದರೆ ಅವರೆಲ್ಲ ಕಾಡಿನಲ್ಲಿ ಹುಡುಕಹೊರಡುವ ಹಾರುವ ಓತಿಯ ಬಗ್ಗೆ ಯಾರಿಗೂ ಆಶ್ಚರ್ಯವೇ ಆಗುತ್ತಿರಲಿಲ್ಲ, ಏಕೆಂದರೆ ಅವನು ಅದನ್ನು ನೋಡಿದವನು. ಎರಡನೆಯ ಓದಿನಲ್ಲಿ ಮಂದಣ್ಣನ ಮದುವೆಯ ಪ್ರಸಂಗ ಸ್ವಲ್ಪ ಉದ್ದವಾಯಿತೆನ್ನಿಸಿತು, ಕೊನೆಯ ಕಾಡಿನ ಪಯಣ ಮಾತ್ರ ಹಾಗೆಯೇ ಹಿಡಿದು ಕೂರಿಸಿತು.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ನನ್ನ ಪ್ರಶ್ನೆಯನ್ನೇ ತುಸು ಬದಲಿಸುವಂತೆ ಮಾಡಿದ ಪುಸ್ತಕ. ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯದಲ್ಲೇ ವಿಧವೆಯಾಗಿ, ಆಮೇಲೆ ತಲೆ ಬೋಳಿಸಿಕೊಂಡು ದೀರ್ಘಕಾಲ ಬದುಕಿದ ಮಲೆನಾಡಿನ ಹೆಂಗಸೊಬ್ಬಳ ಕತೆ ಅದು, ಲೇಖಕಿಯ ಕುಟುಂಬದಲ್ಲಿ ನಿಜವಾಗಿ ಬಾಳಿದ ಒಬ್ಬರ ಜೀವನದ ಮೇಲೆ ನಿಂತದ್ದು. ಆಕೆ ಹೇಳಿದ್ದನ್ನು ಲೇಖಕಿಯ ತಾಯಿ ಕೇಳಿದರು, ತಾಯಿ ಹೇಳಿದ್ದನ್ನು ಮಗಳು ಬರೆದರು. ಹಾಗಾಗಿ ಇಲ್ಲಿ ಕತೆ ಹೇಳುವವರು ಒಬ್ಬರಲ್ಲ, ಹೆಂಗಸರ ಒಂದು ಸರಣಿಯೇ ಇದೆ. ಮನೆಯ ಒಳಗಿನ ವಿವರಗಳು ಇಷ್ಟು ನಿಖರವಾಗಿ ಬರುವುದು ಈ ಸರಣಿಯಿಂದಲೇ ಎಂದು ನನಗನ್ನಿಸುತ್ತದೆ. ಮಡಿ ಹೇಗೆ, ಯಾರು ಎಲ್ಲಿ ಮಲಗುತ್ತಾರೆ, ಬಾಣಂತಿಯ ಕೋಣೆಯಲ್ಲಿ ಏನೇನು ನಡೆಯುತ್ತದೆ ಎಂಬುದು ಗಂಡಸರ ಮೂಲಕ ಹಾದುಬಂದ ಕತೆಗಳಲ್ಲಿ ಸಿಗುವುದು ಅಪರೂಪ.

ಮಡಿಯ ಗೆರೆಯನ್ನು ದಾಟಿ ಕಷ್ಟದ ಹೆರಿಗೆಯೊಂದಕ್ಕೆ ಫಣಿಯಮ್ಮ ಕೈ ನೀಡುವ ಪ್ರಸಂಗವನ್ನು ಲೇಖಕಿ ಯಾವ ಘೋಷಣೆಯೂ ಇಲ್ಲದೆ ಬರೆದಿದ್ದಾರೆ. ಕಿರಿಯ ವಿಧವೆ ದಾಕ್ಷಾಯಿಣಿ ತಾನು ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಎದುರು ನಿಂತಾಗ, ಆ ಸಂಪ್ರದಾಯವನ್ನು ಜೀವಮಾನವಿಡೀ ಹೊತ್ತ ಮುದುಕಿಯೇ ಹುಡುಗಿಯ ಪರ ನಿಲ್ಲುವುದು ಕಾದಂಬರಿಯ ಗಟ್ಟಿ ಭಾಗ. ಆದರೆ ಪ್ರೀತಿಯಿಂದ ಕೇಳಿಸಿಕೊಂಡು ಪ್ರೀತಿಯಿಂದ ದಾಟಿಸಿದ ಕತೆಗೆ ಒಂದು ತೊಂದರೆಯಿದೆ: ನಡುವಿನ ಪ್ರತಿಯೊಬ್ಬರೂ ಮುಖ್ಯ ಪಾತ್ರದ ಮೂಲೆಗಳನ್ನು ಸ್ವಲ್ಪ ಸ್ವಲ್ಪ ನಯಗೊಳಿಸಿರುತ್ತಾರೆ. ಫಣಿಯಮ್ಮನಿಗೆ ಒಮ್ಮೆಯಾದರೂ ಸಿಟ್ಟು ಬಂದು, ಆ ಸಿಟ್ಟು ಯಾರ ಮೇಲಾದರೂ ಅನ್ಯಾಯವಾಗಿ ಹರಿದಿರಲಿಲ್ಲವೇ? ತನ್ನ ಕಣ್ಣೆದುರೇ ಸಂಸಾರ ನಡೆಸುತ್ತಿದ್ದ ಹೆಂಗಸರ ಬಗ್ಗೆ ಮತ್ಸರ ಎಂಬುದು ಹುಟ್ಟಿರಲಿಲ್ಲವೇ? ಪುಸ್ತಕದಲ್ಲಿ ಆಕೆ ಬಹುಮಟ್ಟಿಗೆ ತಪಸ್ವಿನಿ. ಗೌರವದ ಅಂತರದಲ್ಲಿ ನಿಂತವರಿಗೆ ಕಾಣದೆ ಹೋದದ್ದು ಇದು ಎಂದು ನನ್ನ ಟಿಪ್ಪಣಿ.

ಈ ಅನುಮಾನ ಮನಸ್ಸಿನಲ್ಲಿದ್ದಾಗಲೇ ಬಾನು ಮುಷ್ತಾಕ್ ಅವರ ಕತೆಗಳನ್ನು ಓದಿದೆ. ಅವರ ಹನ್ನೆರಡು ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ, ಎಷ್ಟೋ ಜನರಂತೆ ನಾನೂ ಕನ್ನಡದ ಮೂಲಗಳ ಕಡೆಗೆ ಹೋದೆ. ‘ಎದೆಯ ಹಣತೆ’ ಕತೆಯಲ್ಲಿ ಮೆಹರುನ್ ಗಂಡನ ಅನ್ಯ ಸಂಬಂಧದಿಂದ ನೊಂದು, ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರು ಮಾನದ ಮಾತಾಡಿ ಅವಳನ್ನು ಹಿಂದಕ್ಕೆ ಕರೆತಂದು ಬಿಡುತ್ತಾರೆ. ಆ ರಾತ್ರಿ ಅವಳು ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡಾಗ ಹಿರಿಯ ಮಗಳು ಸಲ್ಮಾ ಕೂಸಿನೊಂದಿಗೆ ಓಡಿಬಂದು ತಾಯಿಯನ್ನು ತಡೆಯುತ್ತಾಳೆ. ಇಲ್ಲಿ ‘ನಾನು’ ಇಲ್ಲ, ಆದರೂ ಹೇಳುವವರ ಜಾಗ ಸ್ಪಷ್ಟ: ಮೆಹರುನ್ ಪಕ್ಕದಲ್ಲಿ, ಅವಳ ಉಸಿರು ಕೇಳುವಷ್ಟು ಹತ್ತಿರದಲ್ಲಿ. ಇಂದಿರಾ ಅವರ ಬರಹದಲ್ಲಿರುವ ಗೌರವದ ಅಂತರ ಇಲ್ಲಿಲ್ಲ. ಮೆಹರುನ್ ತಪಸ್ವಿನಿಯಲ್ಲ. ಅವಳ ದಣಿವು, ರೋಷ, ಮಕ್ಕಳನ್ನೂ ಮರೆಯುವ ಆ ಒಂದು ಗಳಿಗೆ ಎಲ್ಲವೂ ಕತೆಯಲ್ಲಿವೆ.

ಅವರದೇ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕತೆಯಲ್ಲಿ ಹೇಳುವವಳು ನೇರ ದೇವರ ಎದುರಿಗೇ ನಿಂತು ಮಾತಾಡುತ್ತಾಳೆ. ಓದುಗನಿಗೆ ಅಲ್ಲಿ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವವನ ಸ್ಥಾನ ಮಾತ್ರ. ಅರ್ಜಿಯೋ ಆರೋಪಪಟ್ಟಿಯೋ ಎಂದು ಹೇಳಲಾಗದ ಧಾಟಿಯಲ್ಲಿ ಸಾಗುವ ಆ ಕತೆ ತನ್ನ ಕೊನೆಯ ಬೇಡಿಕೆಯನ್ನು ಇಡುವ ಹೊತ್ತಿಗೆ, ವಾದದ ಶಿಸ್ತು ಎಲ್ಲಿಂದ ಬಂತು ಎಂದು ಊಹಿಸುವುದು ಕಷ್ಟವಲ್ಲ: ಲೇಖಕಿ ವೃತ್ತಿಯಲ್ಲಿ ವಕೀಲರು. ಅವರ ಎಲ್ಲ ಕತೆಗಳೂ ನನಗೆ ಒಂದೇ ಮಟ್ಟದವೆನಿಸಲಿಲ್ಲ. ಕೆಲವೆಡೆ ಪಾತ್ರಗಳು ಮಾತಾಡಬೇಕಾದಲ್ಲಿ ಸಮಸ್ಯೆಯೇ ಮಾತಾಡುತ್ತದೆ. ಆದರೆ ಈ ಎರಡು ಕತೆಗಳಿಗೆ ಆ ಮಾತು ಅನ್ವಯಿಸುವುದಿಲ್ಲ.

ದೇವನೂರ ಮಹಾದೇವರನ್ನು ಓದುವಾಗ ನನ್ನ ಕ್ರಮವನ್ನು ಬದಲಿಸಲೇಬೇಕಾಗುತ್ತದೆ. ‘ಒಡಲಾಳ’ವನ್ನು ಮನಸ್ಸಿನಲ್ಲೇ ಓದಿಕೊಳ್ಳಬಹುದು, ‘ಕುಸುಮಬಾಲೆ’ಯನ್ನು (1984) ಗಟ್ಟಿಯಾಗಿ ಓದದಿದ್ದರೆ ಅದು ತೆರೆದುಕೊಳ್ಳುವುದಿಲ್ಲ. ಆಡುಮಾತಿನ ಆ ಲಯ ಕಣ್ಣಿಗೆ ಸಿಕ್ಕುವಂಥದ್ದಲ್ಲ. ಬಾಯಿಬಿಟ್ಟು ಓದಿದಾಗ, ಎಲ್ಲಿ ಉಸಿರು ನಿಲ್ಲಿಸಬೇಕೆಂದು ವಾಕ್ಯವೇ ಹೇಳಿಕೊಡುತ್ತದೆ, ಅರ್ಥವಾಗದ ಮಾತುಗಳೂ ಸಂದರ್ಭದಿಂದ ತಿಳಿಯಾಗುತ್ತ ಹೋಗುತ್ತವೆ. ಒಂದು ಕೂತಿನಲ್ಲಿ ಕೆಲವೇ ಪುಟ ಓದುತ್ತಿದ್ದೆ. ತೆಳ್ಳನೆಯ ಪುಸ್ತಕವಾದರೂ ಮುಗಿಯಲು ದೊಡ್ಡ ಕಾದಂಬರಿಯಷ್ಟೇ ಸಮಯ ಹಿಡಿಯಿತು.

ಆ ಪುಸ್ತಕದಲ್ಲಿ ಹೇಳುವವರ ಜಾಗವನ್ನು ಗುರುತು ಹಾಕಲು ಹೋದರೆ ಟಿಪ್ಪಣಿ ಪುಸ್ತಕವೇ ಸೋಲುತ್ತದೆ. ರಾತ್ರಿ ಊರಿನ ದೀಪಗಳ ಜೀವಗಳಾದ ಜೋತಮ್ಮರು ಒಂದೆಡೆ ಕಲೆತು ತಂತಮ್ಮ ಮನೆಗಳ ಸುದ್ದಿ ಹೇಳಿಕೊಳ್ಳುತ್ತಾರೆ, ಮಂಚವೊಂದು ತಾನು ಕಂಡದ್ದನ್ನು ಹೇಳುತ್ತದೆ. ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ಚನ್ನನ ಕೊಲೆಯನ್ನು ಯಾವ ಮನುಷ್ಯ ಸಾಕ್ಷಿಯೂ ಹೇಳಲಾರದ ಊರಿನಲ್ಲಿ, ಮನೆಯೊಳಗಿದ್ದ ವಸ್ತುಗಳೇ ಸಾಕ್ಷಿ ನುಡಿಯಬೇಕಾಗುತ್ತದೆ. ಇದನ್ನು ಜಾನಪದದ ಸೊಗಸು ಎಂದು ಹೊಗಳುವವರ ಜೊತೆ ನನಗೆ ಸಹಮತವಿಲ್ಲ. ಸೊಗಸು ಇದೆ, ಆದರೆ ಆ ಮಂಚಕ್ಕೆ ಬಾಯಿ ಬಂದದ್ದು ಮನುಷ್ಯರ ಬಾಯಿ ಕಟ್ಟಿದ್ದರಿಂದ. ‘ಒಡಲಾಳ’ದಲ್ಲಿಯೂ ಇದೇ ಬಗೆಯ ಒಂದು ತಿರುವಿದೆ. ಸಾಕವ್ವನ ಮನೆಯವರೆಲ್ಲ ಬೆಂಕಿಯ ಸುತ್ತ ಕುಳಿತು ಕದ್ದು ತಂದ ಕಡ್ಲೆಕಾಯಿ ಸುಟ್ಟು ತಿನ್ನುವ ಇರುಳು ಕನ್ನಡ ಗದ್ಯದ ಅತ್ಯಂತ ಸಂತೋಷದ ಪುಟಗಳಲ್ಲೊಂದು. ಬೆಳಗಾದ ಮೇಲೆ ಪೊಲೀಸರು ಬರುತ್ತಾರೆ. ಅದನ್ನು ಕಳ್ಳತನವೆಂದು ನೋಡುವ ಕಣ್ಣು ಹೊರಗಿನಿಂದ ಬಂದದ್ದು, ಹೇಳುವವರು ಕುಳಿತಿರುವುದು ಬೆಂಕಿಯ ಸುತ್ತ. ಓದುಗನಾದ ನಾನು ಯಾವ ಕಡೆ ಕುಳಿತಿದ್ದೇನೆ ಎಂಬುದು ಗೊತ್ತಾಗುವುದು ಪೊಲೀಸರು ಬಂದಾಗಲೇ.

ಈಗ ಓದುತ್ತಿರುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967). ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕಾದಂಬರಿಯೇ ಆರಂಭದಲ್ಲಿ ಸಾರಿಬಿಡುವುದರಿಂದ ನನ್ನ ಪ್ರಶ್ನೆಗೆ ಅಲ್ಲಿ ಮೊದಲ ಪುಟದಲ್ಲೇ ಸವಾಲು ಎದುರಾಗುತ್ತದೆ. ಹೇಳುವವರು ಎಲ್ಲಿಯೂ ನಿಲ್ಲದೆ ನಡೆಯುತ್ತಲೇ ಇರುತ್ತಾರೆ: ಜೀತದಾಳು ಗುತ್ತಿಯ ಹಿಂದೆ ಒಂದಿಷ್ಟು ದೂರ, ಐತ ಪೀಂಚಲು ದಂಪತಿಯ ಬಿಡಾರದ ಹತ್ತಿರ ಒಂದಿಷ್ಟು ಹೊತ್ತು, ಹೆಗ್ಗಡೆಯವರ ಮನೆಯ ಒಳಗೆ, ಮತ್ತೆ ಹೊರಗೆ ಕಾಡಿಗೆ. ಗುತ್ತಿಯ ನಾಯಿ ಹುಲಿಯನಿಗೂ ಮನುಷ್ಯರಿಗೆ ಸಿಗುವಷ್ಟೇ ಗಮನ ಸಿಗುತ್ತದೆ. ಮೊದಲು ಓದಿದಾಗ ಹೆಸರುಗಳ ಕಾಡಿನಲ್ಲಿ ಗೊಂದಲವಾಗುತ್ತಿದ್ದುದರಿಂದ ಈ ಸಲ ಒಂದು ಹಾಳೆಯಲ್ಲಿ ಮನೆಗಳನ್ನೂ ಆ ಮನೆಗಳಿಗೆ ಸೇರಿದವರನ್ನೂ ಬರೆದು ಪುಸ್ತಕದೊಳಗೆ ಇಟ್ಟುಕೊಂಡಿದ್ದೇನೆ. ಈ ಗಾತ್ರದ ಕಾದಂಬರಿ ಓದಲು ಹೊರಟವರಿಗೆ ಇದಕ್ಕಿಂತ ಉಪಯುಕ್ತವಾದ ಸಲಹೆ ನನ್ನಲ್ಲಿಲ್ಲ.

ಇಲ್ಲಿಯವರೆಗಿನ ಓದಿನಲ್ಲಿ ಒಂದು ಸಂಗತಿಯನ್ನು ಗುರುತಿಸಿಕೊಂಡಿದ್ದೇನೆ, ಮುಂದೆ ಇದು ನಿಲ್ಲುತ್ತದೋ ಇಲ್ಲವೋ ನೋಡಬೇಕು. ಜೀತದಾಳುಗಳ ಬಿಡಾರದಲ್ಲಿ ಕುವೆಂಪು ಅವರ ನಿರೂಪಣೆಗೆ ಬರುವ ಸಲಿಗೆ, ನಗು, ಮೈಮರೆವು ಹೆಗ್ಗಡೆ ಮನೆಗಳ ಜಗಲಿಯಲ್ಲಿ ಬರುವುದಿಲ್ಲ. ಅಲ್ಲಿ ಅದು ಜಾಗರೂಕವಾಗುತ್ತದೆ, ಎಷ್ಟೋ ಕಡೆ ಕಟುವಾಗುತ್ತದೆ. ಯಾರೂ ಅಮುಖ್ಯರಲ್ಲ ಎಂಬ ಮಾತನ್ನು ಕಾದಂಬರಿ ಪಾಲಿಸುತ್ತದೆ, ಆದರೆ ಹೇಳುವವರಿಗೆ ಎಲ್ಲಿ ಕೂತರೆ ಹಾಯೆನಿಸುತ್ತದೆ ಎಂಬುದು ಬೇರೆ ಮಾತು. ತುಂಗೆಯ ಪ್ರವಾಹದವರೆಗೆ ಇನ್ನೂ ನೂರಾರು ಪುಟಗಳಿವೆ. ಅದು ಮುಗಿದ ಮೇಲೆ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ತೆಗೆದುಕೊಳ್ಳುವ ಯೋಚನೆಯಿದೆ, ಏಕೆಂದರೆ ಇಡೀ ಮಲೆನಾಡನ್ನು ಸುತ್ತಿಬಂದ ನಿರೂಪಣೆಯ ನಂತರ ನಾಗಪ್ಪನೊಬ್ಬನ ತಲೆಯೊಳಗೇ ಸುತ್ತುವ ನಿರೂಪಣೆ ಹೇಗೆ ಕೇಳಿಸುತ್ತದೆ ಎಂಬ ಕುತೂಹಲ ನನಗಿದೆ.